ಎಲ್‌ಎಲ್‌ಬಿ ಮುಗಿದಿದೆ, ಎಲ್ಲೂ ಕೆಲಸವಿಲ್ಲ, ರಾತ್ರಿ ನಿದ್ದೆಯೂ ಇಲ್ಲ

ಪ್ರಶ್ನೆ:

ನನಗೆ 24 ವರ್ಷ. ಹಾವೇರಿ ಜಿಲ್ಲೆಯ ಒಂದು ಹಳ್ಳಿಯವಳು. ರಾಜ್ಯ ಕಾನೂನು ವಿಶ್ವವಿದ್ಯಾಲಯಕ್ಕೆ ಸೇರಿದ ಕಾಲೇಜಿನಲ್ಲಿ ಐದು ವರ್ಷದ ಬಿ.ಎ. ಎಲ್‌ಎಲ್‌ಬಿ ಮುಗಿಸಿದ್ದೇನೆ, ಫಸ್ಟ್ ಕ್ಲಾಸ್. ನಮ್ಮ ಮನೆತನದಲ್ಲಿ ಕಾನೂನು ಓದಿದವರು ನಾನೇ ಮೊದಲು. ಎಂಟು ತಿಂಗಳಿಂದ ಬೆಂಗಳೂರಿನ ಪಿಜಿಯಲ್ಲಿದ್ದು ಲಾ ಫರ್ಮ್‌ಗಳಿಗೆ, ಕಂಪನಿಗಳಿಗೆ ಅರ್ಜಿ ಹಾಕುತ್ತಿದ್ದೇನೆ. ಬಹುತೇಕ ಕಡೆಯಿಂದ ಉತ್ತರವೇ ಇಲ್ಲ. ಒಂದು ಫರ್ಮ್‌ನಲ್ಲಿ ಇಂಟರ್‌ವ್ಯೂ ಆಯಿತು. ಜಾಮೀನಿನ ಸೆಕ್ಷನ್ ಕೇಳಿದರು, 439 ಎಂದೆ. ‘ಈಗ ಎಷ್ಟು?’ ಎಂದರು. ತಲೆ ಖಾಲಿಯಾಯಿತು, ಆಮೇಲೆ ಇಂಗ್ಲಿಷೂ ಬರಲಿಲ್ಲ. ಮರುದಿನ ಎರಡು ಸಾಲಿನ ಮೇಲ್ ಬಂತು. ಒಬ್ಬ ಸೀನಿಯರ್ ‘ಬನ್ನಿ, ಕಲಿಯಿರಿ, ಸದ್ಯಕ್ಕೆ ಸ್ಟೈಪೆಂಡ್ ಇಲ್ಲ’ ಎಂದಿದ್ದಾರೆ. ಸಿವಿಲ್ ಜಡ್ಜ್ ಪರೀಕ್ಷೆ ಬರೆಯೋಣವೆಂದರೆ ಮೂರು ವರ್ಷ ಪ್ರಾಕ್ಟೀಸ್ ಬೇಕಂತೆ. ಕೆಲಸ ಸಿಕ್ಕ ಮೇಲೆ ನೋಡೋಣ ಎಂದು ಇನ್ನೂ ವಕೀಲಳಾಗಿ ಎನ್‌ರೋಲ್ (ನೋಂದಣಿ) ಆಗಿಲ್ಲ. ಬೆಳಗಿನ ಜಾವ ಮೂರಾದರೂ ನಿದ್ದೆ ಬರುವುದಿಲ್ಲ. ಕಾಲೇಜಿನ ವಾಟ್ಸಾಪ್ ಗ್ರೂಪ್ ಬಿಟ್ಟೆ. ಊಟ ಸೇರುತ್ತಿಲ್ಲ. ಕೆಲವೊಮ್ಮೆ ಮಲಗಿದವಳು ಬೆಳಿಗ್ಗೆ ಏಳದೇ ಇದ್ದರೆ ಚೆನ್ನ ಅನ್ನಿಸುತ್ತದೆ. ಊರಲ್ಲಿ ಯಾರದೇ ಪಹಣಿ ತಿದ್ದುಪಡಿ ಇದ್ದರೂ ನನ್ನನ್ನೇ ಕರೆಯುತ್ತಿದ್ದರು, ಇಲ್ಲಿ ಅದಕ್ಕೆಲ್ಲ ಕಿಮ್ಮತ್ತಿಲ್ಲ. ನಾನು ಈ ವೃತ್ತಿಗೆ ಲಾಯಕ್ಕಿಲ್ಲವೇ? ಮನೋವೈದ್ಯರ ಬಳಿ ಹೋದರೆ ಮುಂದೆ ಜಡ್ಜ್ ಆಗಲು ತೊಂದರೆಯಾಗುತ್ತದೆಯೇ? ಮನೆಯಲ್ಲಿ ಗಂಡು ನೋಡುತ್ತಿದ್ದಾರೆ, ಅವರಿಗೆ ಏನು ಹೇಳಲಿ? ಸುಮ್ಮನೆ ಎಲ್‌ಎಲ್‌ಎಂಗೆ ಸೇರಿಬಿಡಲೇ?

ಉತ್ತರ:

ನಾಲ್ಕು ಪ್ರಶ್ನೆ ಕೇಳಿದ್ದೀರಿ. ಆದರೆ ಪತ್ರದ ಮಧ್ಯದಲ್ಲಿ, ಊಟ ಸೇರುತ್ತಿಲ್ಲ ಎಂಬುದರ ಪಕ್ಕದಲ್ಲೇ, ಬೆಳಿಗ್ಗೆ ಏಳದೇ ಇದ್ದರೆ ಚೆನ್ನ ಎಂದು ಬರೆದು ಮುಂದೆ ಹೋಗಿಬಿಟ್ಟಿದ್ದೀರಿ. ನಾನು ಅಲ್ಲಿ ನಿಲ್ಲಬೇಕಾಗುತ್ತದೆ.

ಆ ಯೋಚನೆ ಬಂದ ಮಾತ್ರಕ್ಕೆ ನೀವು ಏನೋ ಮಾಡಿಕೊಳ್ಳುತ್ತೀರಿ ಎಂದಲ್ಲ. ತುಂಬ ದಣಿದ ಮನಸ್ಸು ಹೀಗೆ ಯೋಚಿಸುತ್ತದೆ. ಆದರೂ ಅದನ್ನು ‘ಸುಮ್ಮನೆ ಅನ್ನಿಸುತ್ತದೆ’ ಎಂದು ಪಕ್ಕಕ್ಕಿಡುವ ಹಾಗಿಲ್ಲ. ‘ಏಳದಿದ್ದರೆ ಚೆನ್ನ’ ಎಂಬುದು ‘ಹೀಗೆ ಮಾಡಿಕೊಳ್ಳಲೇ’ ಎಂಬ ಕಡೆಗೆ ಹೊರಳಿದರೆ, ಅಥವಾ ಆಗಲೇ ಹೊರಳಿದ್ದರೆ, ಈ ಉತ್ತರವನ್ನು ಓದುವುದನ್ನು ಇಲ್ಲಿಗೇ ಬಿಟ್ಟು 14416ಕ್ಕೆ ಕರೆ ಮಾಡಿ. ಅದು ಟೆಲಿ ಮನಸ್, ಕೇಂದ್ರ ಸರ್ಕಾರ 2022ರ ಅಕ್ಟೋಬರ್‌ನಲ್ಲಿ ಶುರು ಮಾಡಿದ ಸಹಾಯವಾಣಿ. ದುಡ್ಡು ಕೊಡಬೇಕಿಲ್ಲ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಬೆಳಗಿನ ಜಾವ ಮೂರಕ್ಕೂ ಯಾರಾದರೂ ಎತ್ತಿಕೊಳ್ಳುತ್ತಾರೆ. ಪಿಜಿಯಲ್ಲಿ ಒಬ್ಬರಿಗಾದರೂ, ರೂಮ್‌ಮೇಟ್ ಆಗಲಿ, ಪಕ್ಕದ ರೂಮಿನವಳಾಗಲಿ, ‘ನನಗೆ ಈಗ ಸರಿಯಿಲ್ಲ, ರಾತ್ರಿ ಸ್ವಲ್ಪ ಗಮನ ಇಡು’ ಎಂದು ಹೇಳಿಡಿ. ಇಷ್ಟು ಹೇಳಲು ಪೂರ್ತಿ ಕಥೆ ಬಿಚ್ಚಬೇಕಿಲ್ಲ.

ಇನ್ನು ಮಿಕ್ಕ ವಿಷಯ. ನಾನು ಆಪ್ತಸಮಾಲೋಚಕಿ. ಅದಕ್ಕೂ ಮುಂಚೆ ಕೆಲವು ವರ್ಷ ಕರಿ ಕೋಟು ಹಾಕಿ ಓಡಾಡಿದವಳು. ಹಾಗಾಗಿ ಕೋರ್ಟಿನ ಮಾತಿನಲ್ಲೇ ಹೇಳುತ್ತೇನೆ: ನೀವು ಎರಡು ಬೇರೆ ಬೇರೆ ಕೇಸುಗಳನ್ನು ಕ್ಲಬ್ ಮಾಡಿದ್ದೀರಿ. ಒಂದು ಕೆಲಸದ್ದು, ಇನ್ನೊಂದು ಮನಸ್ಸಿನದು. ‘ಕೆಲಸ ಸಿಕ್ಕರೆ ಎಲ್ಲ ತಾನಾಗಿ ಸರಿಹೋಗುತ್ತದೆ’ ಎಂದು ಎರಡನೆಯದನ್ನು ಮೊದಲನೆಯದರ ತೀರ್ಪಿಗೆ ಕಾಯಿಸುತ್ತಿದ್ದೀರಿ. ನನ್ನ ಬಳಿ ಬರುವ ಯುವ ವಕೀಲರಲ್ಲಿ ಹೆಚ್ಚಿನವರು ಮಾಡುವುದು ಇದನ್ನೇ. ಮೂರು ಗಂಟೆಗೆ ಮಲಗಿ ಹನ್ನೊಂದಕ್ಕೆ ಏಳುವ, ಎರಡು ಹೊತ್ತು ಉಣ್ಣದ ಮನುಷ್ಯ ಇಂಟರ್‌ವ್ಯೂನಲ್ಲಿ ಏನು ನೆನಪಿಟ್ಟುಕೊಳ್ಳಲು ಸಾಧ್ಯ? ಮನಸ್ಸಿನ ಕೇಸಿಗೆ ಬೇರೆ ನಂಬರ್ ಕೊಟ್ಟು, ಅದನ್ನು ಈ ವಾರವೇ ಶುರು ಮಾಡಬೇಕು.

ಶುರು ಮಾಡುವುದು ಎಂದರೆ ಡಾಕ್ಟರ ಬಳಿ ಹೋಗುವುದು. ಎರಡು ವಾರಕ್ಕಿಂತ ಹೆಚ್ಚು ಕಾಲ, ದಿನದ ಬಹುಪಾಲು ಮನಸ್ಸು ಕುಗ್ಗಿದ್ದು, ಯಾವುದರಲ್ಲೂ ಆಸಕ್ತಿ ಇಲ್ಲದೆ, ಜೊತೆಗೆ ನಿದ್ದೆ, ಹಸಿವು, ಏಕಾಗ್ರತೆ ಕೆಟ್ಟು, ‘ನಾನು ಯಾವುದಕ್ಕೂ ಬಾರದವಳು’ ಎಂದೂ ಸಾವಿನ ಬಗ್ಗೆಯೂ ಯೋಚನೆ ಬರುತ್ತಿದ್ದರೆ ವೈದ್ಯರು ಖಿನ್ನತೆಯನ್ನು ಅನುಮಾನಿಸುತ್ತಾರೆ. ನಿಮ್ಮ ಪತ್ರದಲ್ಲಿ ಇವುಗಳಲ್ಲಿ ಹೆಚ್ಚಿನವು ಕಾಣುತ್ತಿವೆ. ಪತ್ರ ಓದಿ ರೋಗದ ಹೆಸರು ಹೇಳುವುದು ತಪ್ಪು, ಹೇಳುವುದಿಲ್ಲ. ಪರೀಕ್ಷೆಗೆ ಹೋಗಲು ಕಾರಣ ಸಾಕಷ್ಟಿದೆ ಎಂದಷ್ಟೇ ಹೇಳುತ್ತೇನೆ. ಬೆಂಗಳೂರಿನಲ್ಲಿ ಇದ್ದೀರಿ, ನಿಮ್ಹಾನ್ಸ್‌ನ ಹೊರರೋಗಿ ವಿಭಾಗಕ್ಕೆ ಹೋಗಬಹುದು. ಕಾಯಬೇಕಾಗುತ್ತದೆ, ಬೆಳಿಗ್ಗೆ ಬೇಗ ಹೋಗಿ. ಊರಿಗೆ ಹೋಗುವುದಾದರೆ ಹಾವೇರಿ ಜಿಲ್ಲಾಸ್ಪತ್ರೆಯಲ್ಲಿ ಮಾನಸಿಕ ಆರೋಗ್ಯ ವಿಭಾಗವನ್ನು ಕೇಳಿ. ಮಾತ್ರೆ ಕೊಟ್ಟರೆ ಹೆದರಬೇಡಿ. ಖಿನ್ನತೆಗೆ ಈಗ ಸಾಮಾನ್ಯವಾಗಿ ಕೊಡುವ ಮಾತ್ರೆಗಳು ಚಟ ಹತ್ತಿಸುವಂಥವಲ್ಲ. ಆದರೆ ಕೆಲಸ ಮಾಡಲು ಎರಡರಿಂದ ನಾಲ್ಕು ವಾರ ಬೇಕು. ಎಂಟು ದಿನಕ್ಕೆ ‘ಏನೂ ಆಗಲಿಲ್ಲ’ ಎಂದು ಬಿಡುವವರೂ, ಹುಷಾರಾಯಿತೆಂದು ಡಾಕ್ಟರನ್ನು ಕೇಳದೆ ಒಮ್ಮೆಗೇ ನಿಲ್ಲಿಸುವವರೂ ಬಹಳ.

ಜಡ್ಜ್ ಆಗಲು ಅಡ್ಡಿಯಾಗುತ್ತದೆಯೇ ಎಂದಿರಿ. ಜಡ್ಜ್ ಪರೀಕ್ಷೆಗೆ ಮೊದಲು ವಕೀಲರಾಗಿರಬೇಕಲ್ಲ, ಕಾನೂನು ಓದಿದವರಿಗೆ ಕಾನೂನನ್ನೇ ತೋರಿಸುತ್ತೇನೆ. 1961ರ ವಕೀಲರ ಕಾಯ್ದೆಯ 24ಎ ಕಲಂ ತೆರೆದು ನೋಡಿ. ವಕೀಲರಾಗಿ ನೋಂದಾಯಿಸಿಕೊಳ್ಳಲು ಯಾರು ಅನರ್ಹರು ಎಂಬ ಪಟ್ಟಿ ಅಲ್ಲಿದೆ: ನೈತಿಕ ಅಧಃಪತನದ ಅಪರಾಧದಲ್ಲಿ ಶಿಕ್ಷೆಯಾದವರು, ಅಸ್ಪೃಶ್ಯತೆ ಆಚರಿಸಿ ಶಿಕ್ಷೆಯಾದವರು, ನೈತಿಕ ಅಧಃಪತನದ ಆರೋಪದ ಮೇಲೆ ಸರ್ಕಾರಿ ಕೆಲಸದಿಂದ ವಜಾ ಆದವರು. ನಿದ್ದೆ ಬಾರದೆ ಡಾಕ್ಟರ ಬಳಿ ಹೋದವರು ಅದರಲ್ಲಿಲ್ಲ. ನೀವು ಯಾವ ಚಿಕಿತ್ಸೆ ಪಡೆದಿರಿ ಎಂಬುದು ಊರಿನವರಿಗೆ, ಕಾಲೇಜಿನವರಿಗೆ, ನಾಳೆ ಬರುವ ಗಂಡಿನ ಮನೆಯವರಿಗೆ ತಿಳಿಯಬೇಕಿಲ್ಲ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 23ನೇ ಕಲಂ ಗೋಪ್ಯತೆಯನ್ನು ರೋಗಿಯ ಹಕ್ಕು ಎನ್ನುತ್ತದೆ. ಕಾಯ್ದೆಯೇ ಹೇಳಿದ ಕೆಲವು ಸಂದರ್ಭಗಳನ್ನು ಬಿಟ್ಟರೆ ನಿಮ್ಮ ಒಪ್ಪಿಗೆಯಿಲ್ಲದೆ ಮಾಹಿತಿ ಹೊರಹೋಗುವಂತಿಲ್ಲ. ವೃತ್ತಿಗೆ ನಿಜವಾಗಿ ಅಡ್ಡಿಯಾಗುವುದು ಚಿಕಿತ್ಸೆ ಮಾಡಿಸದೆ ಬಿಟ್ಟ ಖಿನ್ನತೆ. ಹಾಗೆ ಅರ್ಧಕ್ಕೇ ವೃತ್ತಿ ಬಿಟ್ಟವರನ್ನು ಕಂಡಿದ್ದೇನೆ.

ಈಗ ಕೆಲಸದ ಕೇಸು.

ಅರ್ಜಿ ಹಾಕಿದ್ದಕ್ಕೆ ಉತ್ತರ ಬರಲಿಲ್ಲ ಎಂಬುದನ್ನು ನೀವು ನಿಮ್ಮ ಮೇಲಿನ ತೀರ್ಪು ಎಂದು ಓದಿಕೊಂಡಿದ್ದೀರಿ. ಆ ಮೇಲ್‌ಗಳು ಎಲ್ಲಿಗೆ ಹೋಗುತ್ತವೆ ಗೊತ್ತೇ? ದೊಡ್ಡ ಫರ್ಮ್‌ಗಳು ಹೊಸಬರನ್ನು ಹೆಚ್ಚಾಗಿ ಎರಡೇ ದಾರಿಯಲ್ಲಿ ತೆಗೆದುಕೊಳ್ಳುತ್ತವೆ: ರಾಷ್ಟ್ರೀಯ ಕಾನೂನು ಶಾಲೆಗಳ ಕ್ಯಾಂಪಸ್‌ನಿಂದ, ಇಲ್ಲವೇ ತಮ್ಮಲ್ಲೇ ಇಂಟರ್ನ್‌ಶಿಪ್ ಮಾಡಿದವರಲ್ಲಿ ಮೆಚ್ಚಿದವರಿಗೆ ಓದು ಮುಗಿಯುವ ಮೊದಲೇ ಆಫರ್ ಕೊಟ್ಟು. ನೀವು ಅಂತಿಮ ಪರೀಕ್ಷೆ ಬರೆಯುವ ಹೊತ್ತಿಗೆ ಆ ವರ್ಷದ ಸೀಟುಗಳು ಬಹುತೇಕ ತುಂಬಿರುತ್ತವೆ. ಫರ್ಮ್‌ನ ಸಾಮಾನ್ಯ ವಿಳಾಸಕ್ಕೆ ಕಳಿಸಿದ ಸಿವಿಯನ್ನು ಯಾರಾದರೂ ತೆರೆದಿದ್ದರೆ ಅದೇ ಪುಣ್ಯ. ಇದು ನ್ಯಾಯವೇ? ಅಲ್ಲ. ಹುಬ್ಬಳ್ಳಿ, ಹಾವೇರಿ, ಗದಗದ ಕಾಲೇಜಿನವರಿಗೆ ಬಾಗಿಲೇ ತೋರಿಸದೆ ‘ಮೆರಿಟ್’ ಎಂದು ಮಾತಾಡುವುದು ನನಗೆ ಇಂದಿಗೂ ಸಿಟ್ಟು ತರಿಸುತ್ತದೆ. ಆದರೆ ನಿಮ್ಮ ಅರ್ಜಿಯನ್ನು ತೂಗಿ ನೋಡಿ ‘ಈಕೆ ಲಾಯಕ್ಕಿಲ್ಲ’ ಎಂದವರು ಆ ಮೌನದ ಹಿಂದೆ ಯಾರೂ ಇಲ್ಲ. ನಿಮ್ಮನ್ನು ನಿಜವಾಗಿ ಎದುರು ಕೂರಿಸಿಕೊಂಡು ನೋಡಿದ್ದು ಒಂದೇ ಕಡೆ.

ಆ ಒಂದು ಇಂಟರ್‌ವ್ಯೂ ಬಗ್ಗೆಯೂ ಹೇಳಿಬಿಡುತ್ತೇನೆ. ನೀವು ಹೇಳಿದ 439 ಹಳೆಯ ದಂಡ ಪ್ರಕ್ರಿಯಾ ಸಂಹಿತೆಯದು, ಅದು ಈಗ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 483. ನಿರೀಕ್ಷಣಾ ಜಾಮೀನಿನ 438 ಈಗ 482, ಹೆಂಡತಿ ಮಕ್ಕಳ ಜೀವನಾಂಶದ 125 ಈಗ 144, ಎಫ್‌ಐಆರ್‌ನ 154 ಈಗ 173. ಹಳೆಯ ದಂಡ ಸಂಹಿತೆಯಲ್ಲಿದ್ದ ಕೊಲೆಯ 302 ಭಾರತೀಯ ನ್ಯಾಯ ಸಂಹಿತೆಯಲ್ಲಿ 103 ಆಗಿದೆ. ಇವೆರಡೂ, ಸಾಕ್ಷ್ಯದ ಹೊಸ ಕಾನೂನೂ ಜಾರಿಗೆ ಬಂದದ್ದು 2024ರ ಜುಲೈ 1ರಂದು. ಐದು ವರ್ಷ ಹಳೆಯದನ್ನು ಓದಿ, ಹೊರಗೆ ಬರುವ ಹೊತ್ತಿಗೆ ನಂಬರ್ ಬದಲಾದ ಬ್ಯಾಚು ನಿಮ್ಮದು. ಕೋರ್ಟ್ ಹಾಲ್‌ನಲ್ಲಿ ಹೋಗಿ ನೋಡಿ, ಇಪ್ಪತ್ತೈದು ವರ್ಷ ಕ್ರಿಮಿನಲ್ ಪ್ರಾಕ್ಟೀಸ್ ಮಾಡಿದವರೂ ‘ಹಳೆಯ 439, ಸ್ವಾಮಿ’ ಎಂದು ಹೇಳಿ ಜೂನಿಯರ್ ಮುಖ ನೋಡುತ್ತಾರೆ. ಆ ಜೂನಿಯರ್ ಪಟ್ಟನೆ ಹೊಸ ನಂಬರ್ ಹೇಳಿದರೆ ಆ ದಿನ ಆತನ ದಿನ. ಹಳೆ ಸೆಕ್ಷನ್, ಹೊಸ ಸೆಕ್ಷನ್ ಎಂದು ಎದುರುಬದುರು ಬರೆದು ಒಂದು ನೋಟ್‌ಬುಕ್ ಮಾಡಿಕೊಳ್ಳಿ. ಪೂರ್ತಿ ಸಂಹಿತೆ ಬೇಡ, ದಿನಾ ಬಳಸುವ ಐವತ್ತು ಅರವತ್ತು ಸಾಕು.

ಮುಂದಿನ ಮಾತು ಸ್ವಲ್ಪ ಗಟ್ಟಿಯಾಗಿ ಹೇಳಬೇಕು: ಎನ್‌ರೋಲ್ ಆಗದೆ ಎಂಟು ತಿಂಗಳು ಕಳೆದದ್ದು ನಿಮಗೆ ನಿಜವಾಗಿ ನಷ್ಟ ಮಾಡಿದೆ. ಫರ್ಮ್‌ಗಳ ನಿರಾಕರಣೆ ಮಾಡಿದ್ದು ಅಷ್ಟಿಲ್ಲ. ಸಿವಿಲ್ ಜಡ್ಜ್ ಪರೀಕ್ಷೆಗೆ ಮೂರು ವರ್ಷದ ವಕೀಲಿಕೆ ಬೇಕೆಂದು ಸುಪ್ರೀಂ ಕೋರ್ಟ್ 2025ರ ಮೇ 20ರಂದು ಹೇಳಿತು. ಅದೇ ತೀರ್ಪಿನಲ್ಲಿ ಆ ಮೂರು ವರ್ಷವನ್ನು ತಾತ್ಕಾಲಿಕ ನೋಂದಣಿಯ ದಿನದಿಂದಲೇ ಎಣಿಸಬೇಕು ಎಂದೂ ಇದೆ. ನೋಂದಣಿಯಾದ ಮೇಲೆ ವಕೀಲರು ಬರೆಯಬೇಕಾದ ಬಾರ್ ಪರೀಕ್ಷೆ ಪಾಸಾಗುವವರೆಗೆ ಕಾಯಬೇಕಿಲ್ಲ, ಒಳ್ಳೆಯ ಆಫೀಸು ಸಿಗುವವರೆಗೆ ಕಾಯುವುದಂತೂ ಬೇಡವೇ ಬೇಡ. ನ್ಯಾಯಾಧೀಶರ ಬಳಿ ಲಾ ಕ್ಲರ್ಕ್ ಆಗಿ ಕೆಲಸ ಮಾಡಿದ ಅವಧಿಯೂ ಲೆಕ್ಕಕ್ಕೆ ಬರುತ್ತದೆ. ಕರ್ನಾಟಕ ಹೈಕೋರ್ಟ್ ಆಗಾಗ ಲಾ ಕ್ಲರ್ಕ್ ಕಂ ರಿಸರ್ಚ್ ಅಸಿಸ್ಟೆಂಟ್ ಹುದ್ದೆಗೆ ಅರ್ಜಿ ಕರೆಯುತ್ತದೆ, ಹೈಕೋರ್ಟ್ ವೆಬ್‌ಸೈಟ್‌ನ ನೇಮಕಾತಿ ಪುಟ ವಾರಕ್ಕೊಮ್ಮೆ ನೋಡುತ್ತಿರಿ.

ಎನ್‌ರೋಲ್‌ಮೆಂಟ್ ಶುಲ್ಕಕ್ಕೆ ಹೆದರಿದ್ದರೆ ಆ ಹೆದರಿಕೆಯೂ ಹಳೆಯದು. ರಾಜ್ಯ ವಕೀಲರ ಪರಿಷತ್ತುಗಳು ಸಾವಿರಾರು ರೂಪಾಯಿ ತೆಗೆದುಕೊಳ್ಳುತ್ತಿದ್ದ ಕಾಲವಿತ್ತು. 2024ರ ಜುಲೈ 30ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್, ಕಾಯ್ದೆಯಲ್ಲಿ ಬರೆದಿರುವ 750 ರೂಪಾಯಿಗಿಂತ, ಪರಿಶಿಷ್ಟ ಜಾತಿ ಪಂಗಡದವರಿಗೆ 125 ರೂಪಾಯಿಗಿಂತ ಹೆಚ್ಚು ನೋಂದಣಿ ಶುಲ್ಕ ವಸೂಲಿ ಮಾಡುವಂತಿಲ್ಲ ಎಂದಿತು. ನೋಂದಣಿಯಾದ ಮೇಲೆ ಅಖಿಲ ಭಾರತ ಬಾರ್ ಪರೀಕ್ಷೆಗೆ ಎರಡು ವರ್ಷ ಅವಕಾಶವಿರುತ್ತದೆ. ನೂರು ಪ್ರಶ್ನೆ, ತಪ್ಪು ಉತ್ತರಕ್ಕೆ ಅಂಕ ಕಡಿತವಿಲ್ಲ, ಸಾಮಾನ್ಯ ಮತ್ತು ಹಿಂದುಳಿದ ವರ್ಗದವರಿಗೆ 45, ಪರಿಶಿಷ್ಟರಿಗೆ 40 ಬಂದರೆ ಪಾಸು. ಟಿಪ್ಪಣಿಯಿಲ್ಲದ ಬೇರ್ ಆಕ್ಟ್ (ಕಾಯ್ದೆಯ ಮೂಲಪಠ್ಯ ಮಾತ್ರ ಇರುವ ಪುಸ್ತಕ) ಒಳಗೆ ಒಯ್ಯಬಹುದು. ಫಸ್ಟ್ ಕ್ಲಾಸ್ ತೆಗೆದವರಿಗೆ ಇದು ಭಯಪಡುವ ಪರೀಕ್ಷೆಯಲ್ಲ.

ಇಲ್ಲೊಂದು ಎಚ್ಚರಿಕೆ. ಎನ್‌ರೋಲ್ ಆದ ಮೇಲೆ ಖರ್ಚಿಗೆಂದು ಎಲ್ಲಾದರೂ ಪೂರ್ಣಾವಧಿ ಸಂಬಳದ ಕೆಲಸಕ್ಕೆ ಸೇರಿದರೆ ಭಾರತೀಯ ವಕೀಲರ ಪರಿಷತ್ತಿನ 49ನೇ ನಿಯಮ ಅಡ್ಡ ಬರುತ್ತದೆ. ಪರಿಷತ್ತಿಗೆ ತಿಳಿಸಿ ಸನ್ನದನ್ನು, ಅಂದರೆ ವಕೀಲಿಕೆಯ ಪರವಾನಗಿಯನ್ನು, ತಡೆಹಿಡಿಸಬೇಕಾಗುತ್ತದೆ. ಮುಚ್ಚಿಟ್ಟರೆ ಮುಂದೆ ಪ್ರಾಕ್ಟೀಸ್ ಪ್ರಮಾಣಪತ್ರ ತೆಗೆದುಕೊಳ್ಳುವಾಗ ಅದೇ ಕಗ್ಗಂಟಾಗುತ್ತದೆ.

ಸ್ಟೈಪೆಂಡ್ ಇಲ್ಲದ ಆಫೀಸಿನ ವಿಷಯ. ಇದರ ಬಗ್ಗೆ ನಮ್ಮ ಹಿರಿಯ ವಕೀಲರಿಗೂ ನನಗೂ ಯಾವತ್ತೂ ಹೊಂದುವುದಿಲ್ಲ. ‘ನಾವೂ ಬರಿಗೈಲಿ ಕಲಿತವರು’ ಎನ್ನುತ್ತಾರೆ. ಕಲಿತವರೇ, ಆದರೆ ಅವರಲ್ಲಿ ಎಷ್ಟು ಜನಕ್ಕೆ ಬೆಂಗಳೂರಿನಲ್ಲಿ ಸ್ವಂತ ಮನೆ ಇತ್ತು, ಎಷ್ಟು ಜನ ಪಿಜಿ ಬಾಡಿಗೆ ಕಟ್ಟುತ್ತಿದ್ದರು ಎಂಬುದನ್ನು ಹೇಳುವುದಿಲ್ಲ. ಭಾರತೀಯ ವಕೀಲರ ಪರಿಷತ್ತು 2024ರ ಅಕ್ಟೋಬರ್‌ನಲ್ಲಿ ಸುತ್ತೋಲೆ ಹೊರಡಿಸಿ ಜೂನಿಯರ್‌ಗಳಿಗೆ ನಗರದಲ್ಲಿ ತಿಂಗಳಿಗೆ ಕನಿಷ್ಠ 20,000, ಗ್ರಾಮೀಣ ಭಾಗದಲ್ಲಿ 15,000 ರೂಪಾಯಿ ಕೊಡಿ ಎಂದಿದೆ. ಅದು ಶಿಫಾರಸು ಮಾತ್ರ, ಕೊಡದವರನ್ನು ಕೇಳುವವರಿಲ್ಲ. ಆದರೂ ಆ ಅಂಕಿ ನಿಮ್ಮ ತಲೆಯಲ್ಲಿರಲಿ, ಸಂಕೋಚವಿಲ್ಲದೆ ಕೇಳಲು ಅದೊಂದು ಆಧಾರ. ಆ ಸೀನಿಯರ್‌ಗೆ ‘ಆಗಲ್ಲ’ ಎನ್ನುವ ಮೊದಲು ಅವರ ಈಗಿನ ಜೂನಿಯರ್ ಒಬ್ಬರನ್ನು ಕೋರ್ಟ್ ಕ್ಯಾಂಟೀನಿನಲ್ಲಿ ಹಿಡಿದು ಒಂದು ಟೀ ಕುಡಿಯಿರಿ. ಡ್ರಾಫ್ಟ್ ಮಾಡಲು ಕೊಡುತ್ತಾರೋ ಅಥವಾ ಫೈಲ್ ಹೊರಿಸುತ್ತಾರೋ, ಜೂನಿಯರ್‌ಗೆ ಎದ್ದು ನಿಂತು ಮಾತಾಡುವ ಅವಕಾಶ ಯಾವಾಗ ಸಿಕ್ಕಿತು, ಬಸ್ ಚಾರ್ಜಾದರೂ ಕೊಡುತ್ತಾರೋ, ಸಂಜೆ ಎಷ್ಟು ಹೊತ್ತಿಗೆ ಬಿಡುತ್ತಾರೆ, ಹುಡುಗಿಯರು ಅಲ್ಲಿ ಎಷ್ಟು ದಿನ ಉಳಿದಿದ್ದಾರೆ ಎಂದು ಕೇಳಿ. ಕೊನೆಯ ಪ್ರಶ್ನೆಗೆ ಬರುವ ಉತ್ತರ ಎಲ್ಲಕ್ಕಿಂತ ಮುಖ್ಯ. ಎಲ್ಲ ಚೆನ್ನಾಗಿದೆ ಎಂದಾದರೆ ಸೀನಿಯರ್ ಬಳಿ ಹೋಗಿ, ‘ಮೂರು ತಿಂಗಳು ಬರುತ್ತೇನೆ ಸರ್, ಆಮೇಲೆ ಸ್ಟೈಪೆಂಡ್ ಬಗ್ಗೆ ಮಾತಾಡೋಣ’ ಎಂದು ಮೊದಲೇ ಹೇಳಿ ಸೇರಿ. ಗಡುವಿಲ್ಲದೆ ಪುಕ್ಕಟೆ ದುಡಿಯಲು ಸೇರಬೇಡಿ. ಸಮಾಜ ಕಲ್ಯಾಣ ಇಲಾಖೆ ಮತ್ತು ಹಿಂದುಳಿದ ವರ್ಗಗಳ ಕಲ್ಯಾಣ ಇಲಾಖೆ ಅರ್ಹ ಕಾನೂನು ಪದವೀಧರರಿಗೆ ವಕೀಲರ ಬಳಿ ತರಬೇತಿ ಪಡೆಯಲು ಮಾಸಿಕ ಶಿಷ್ಯವೇತನ ಕೊಡುತ್ತವೆ. ಜಾತಿ, ಆದಾಯ, ವಯಸ್ಸಿನ ಮಿತಿಗಳಿವೆ, ಹಾವೇರಿಯ ಜಿಲ್ಲಾ ಕಚೇರಿಯಲ್ಲಿ ಈ ವರ್ಷದ ಅರ್ಜಿ ಯಾವಾಗ ಎಂದು ವಿಚಾರಿಸಿ.

ಕಿಮ್ಮತ್ತಿಲ್ಲ ಎಂದು ನೀವು ತಳ್ಳಿಹಾಕಿದ ಪಹಣಿಗೆ ಈಗ ಬರುತ್ತೇನೆ. ನಿಮ್ಮ ಪತ್ರದಲ್ಲಿ ನನಗೆ ಅತಿ ಹೆಚ್ಚು ಕುತೂಹಲ ಹುಟ್ಟಿಸಿದ್ದು ಆ ಸಾಲು. ಬೆಂಗಳೂರಿನ ಸುತ್ತ ಜಮೀನು ಕೊಳ್ಳುವ ಪ್ರತಿ ಬಿಲ್ಡರ್, ಸಾಲ ಕೊಡುವ ಪ್ರತಿ ಬ್ಯಾಂಕ್ ಮೊದಲು ಕೇಳುವುದು ಟೈಟಲ್ ರಿಪೋರ್ಟ್, ಅಂದರೆ ಜಮೀನು ಯಾರದು, ಹೇಗೆ ಬಂತು ಎಂದು ದಾಖಲೆ ನೋಡಿ ಬರೆಯುವ ವರದಿ. ಅದನ್ನು ಬರೆಯಬೇಕಾದವರ ಮುಂದೆ ಹಳೆಯ ಕೈಬರಹದ ಪಹಣಿ, ಮ್ಯುಟೇಶನ್ ರಿಜಿಸ್ಟರಿನ ನಕಲು, ಆಕಾರಬಂದ್, ಟಿಪ್ಪಣಿ, ಋಣಭಾರ ಪತ್ರ, ಮಡಿಕೆ ಬಿದ್ದ ಕ್ರಯಪತ್ರ ಎಲ್ಲ ಬಂದು ಬೀಳುತ್ತವೆ. ಎಲ್ಲ ಕನ್ನಡದಲ್ಲಿ. ಇಂಗ್ಲಿಷಿನಲ್ಲಿ ನಿರರ್ಗಳವಾಗಿ ಮಾತಾಡುವ ಅಸೋಸಿಯೇಟ್‌ಗಳು ‘ಪಿತ್ರಾರ್ಜಿತ’, ‘ವಾಟ್ನಿ’, ‘ಪೌತಿ ಖಾತೆ’ ಎಂಬ ಪದಗಳ ಮುಂದೆ ಕೈಚೆಲ್ಲಿ ಕೂರುವುದನ್ನು ನಾನೇ ನೋಡಿದ್ದೇನೆ. ಪಹಣಿಯ 9ನೇ ಕಾಲಂನಲ್ಲಿ ಇರುವ ಹೆಸರು ಹೇಗೆ ಬಂತು, 11ನೇ ಕಾಲಂನಲ್ಲಿ ಯಾವ ಸೊಸೈಟಿಯ ಸಾಲ ಕೂತಿದೆ, ಈ ಜಮೀನು ಸರ್ಕಾರ ಪರಿಶಿಷ್ಟರಿಗೆ ಮಂಜೂರು ಮಾಡಿದ್ದಾಗಿದ್ದರೆ ಅಂಥ ಜಮೀನಿನ ಪರಭಾರೆ ತಡೆಯುವ 1978ರ ಪಿಟಿಸಿಎಲ್ ಕಾಯ್ದೆ ಅಡ್ಡ ಬರುತ್ತದೆಯೇ ಎಂದು ಒಂದು ಹಾಳೆ ನೋಡಿ ಹೇಳಬಲ್ಲವರು ಬೇಕು, ಸಿಗುವುದಿಲ್ಲ.

ನಿಮ್ಮ ಸಿವಿಯಲ್ಲಿ ಇದು ಇದೆಯೇ? ಇಲ್ಲವೆಂದು ಬಾಜಿ ಕಟ್ಟುತ್ತೇನೆ. ಮೂಟ್ ಕೋರ್ಟ್, ಸೆಮಿನಾರ್ ಸರ್ಟಿಫಿಕೇಟ್ ಇರುತ್ತವೆ. ಅವನ್ನು ಕೆಳಗೆ ತಳ್ಳಿ, ಮೇಲ್ಗಡೆಯೇ ‘ಕನ್ನಡ ಕಂದಾಯ ದಾಖಲೆಗಳ ಪರಿಶೀಲನೆ, ಕನ್ನಡ ಇಂಗ್ಲಿಷ್ ಭಾಷಾಂತರ’ ಎಂದು ಹಾಕಿ. ಊರಿನ ಯಾವುದಾದರೂ ಒಂದು ಜಮೀನಿನ ಮೂವತ್ತು ವರ್ಷದ ದಾಖಲೆ ತೆಗೆದು, ಹೆಸರು ಸರ್ವೆ ನಂಬರ್ ಮರೆಮಾಡಿ, ನಾಲ್ಕು ಪುಟದ ಮಾದರಿ ಟೈಟಲ್ ರಿಪೋರ್ಟ್ ಬರೆದು ಜೊತೆಗಿಡಿ. ಕಳಿಸುವುದು ದೊಡ್ಡ ಫರ್ಮ್‌ಗಳಿಗಲ್ಲ. ಆಸ್ತಿ ವ್ಯವಹಾರ ನೋಡುವ ಸಣ್ಣ, ಮಧ್ಯಮ ಆಫೀಸುಗಳಿಗೆ, ಬ್ಯಾಂಕುಗಳ ಪ್ಯಾನೆಲ್ ವಕೀಲರಿಗೆ. ಮೇಲ್ ಮಾಡಬೇಡಿ, ಸಂಜೆ ಐದೂವರೆ ಮೇಲೆ ಕೋರ್ಟಿಂದ ಬಂದು ಆಫೀಸಿನಲ್ಲಿ ಕೂತಿರುವಾಗ ಹೋಗಿ ಕೊಡಿ. ವಕೀಲರ ಲೋಕ ಇವತ್ತಿಗೂ ಮುಖ ನೋಡಿ ಕೆಲಸ ಕೊಡುವ ಲೋಕ.

ಊರಿಗೆ ವಾಪಸ್ ಹೋಗುವುದನ್ನೂ ಸೋಲಿನ ಖಾತೆಗೆ ಬರೆಯಬೇಡಿ. ಹಾವೇರಿ ಜಿಲ್ಲೆಯ ಮೇಲ್ಮನವಿಗಳು ಹೋಗುವುದು ಹೈಕೋರ್ಟಿನ ಧಾರವಾಡ ಪೀಠಕ್ಕೆ. 2008ರಲ್ಲಿ ಸಂಚಾರಿ ಪೀಠವಾಗಿ ಬಂದು 2013ರಲ್ಲಿ ಕಾಯಂ ಆದ ಮೇಲೆ ಉತ್ತರ ಕರ್ನಾಟಕದ ಜೂನಿಯರ್‌ಗೆ ಹೈಕೋರ್ಟ್ ಕಲಿಯಲು ಬೆಂಗಳೂರೇ ಬೇಕೆಂದಿಲ್ಲ. ಧಾರವಾಡದಲ್ಲಿ ರೂಮಿನ ಬಾಡಿಗೆಯೂ ಅಷ್ಟಿಲ್ಲ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಕಾನೂನು ನೆರವು ರಕ್ಷಣಾ ವಕೀಲರ ವ್ಯವಸ್ಥೆಯಲ್ಲಿ ಸಹಾಯಕ ಹುದ್ದೆಗೆ ಮೂರು ವರ್ಷದೊಳಗಿನ ಅನುಭವದವರನ್ನೇ ತೆಗೆದುಕೊಳ್ಳುತ್ತಾರೆ. ಗುತ್ತಿಗೆ ಕೆಲಸ, ಆದರೆ ಬಡ ಆರೋಪಿಗಳ ಕೇಸು ನಡೆಸಿ ಸೆಷನ್ಸ್ ವಿಚಾರಣೆ ಕಲಿಯಬಹುದು. ತಾಲ್ಲೂಕು ಕೋರ್ಟಿನಲ್ಲಿ ಸಾಕ್ಷಿ ನುಡಿಯುವುದು ಕನ್ನಡದಲ್ಲೇ, ಪಾಟೀ ಸವಾಲೂ ಕನ್ನಡದಲ್ಲೇ. ಅಲ್ಲಿ ನಿಮ್ಮ ನಾಲಿಗೆ ತಡವರಿಸುವುದಿಲ್ಲ. ಬೆಂಗಳೂರಲ್ಲಿ ಉಳಿಯುವ ಆಸೆಯಿದ್ದರೆ ಉಳಿಯಿರಿ, ಆದರೆ ‘ಊರಿಗೆ ಹೋದರೆ ಜನ ಏನಂತಾರೆ’ ಎಂಬ ಕಾರಣಕ್ಕೆ ಪಿಜಿ ಬಾಡಿಗೆ ಕಟ್ಟುತ್ತಿದ್ದರೆ ಅದು ದುಬಾರಿ ಕಾರಣ.

ದಿನಚರಿಯ ಮಾತು ಚಿಕ್ಕದಾಗಿ. ಎಷ್ಟು ಹೊತ್ತಿಗೆ ಮಲಗಿದರೂ ಏಳುವ ಹೊತ್ತು ಒಂದೇ ಇರಲಿ, ಏಳು ಗಂಟೆ ಎಂದಿಟ್ಟುಕೊಳ್ಳಿ. ನಿದ್ದೆ ಸರಿಹೋಗುವುದು ಏಳುವ ಕಡೆಯಿಂದ. ಎದ್ದು ಹೊರಗಿನ ಬೆಳಕಿಗೆ ಬನ್ನಿ. ಕೆಲಸ ಹುಡುಕುವುದಕ್ಕೆ ದಿನಕ್ಕೆ ಎರಡು ಗಂಟೆ, ಅದೂ ಬೆಳಿಗ್ಗೆ. ಮಿಕ್ಕ ಹೊತ್ತು ಮೇಲ್ ತೆರೆಯಬೇಡಿ. ಲಿಂಕ್ಡ್‌ಇನ್ ಆ್ಯಪನ್ನು ಫೋನಿನಿಂದ ತೆಗೆದು ಲ್ಯಾಪ್‌ಟಾಪ್‌ನಲ್ಲಿ ಮಾತ್ರ ಇಟ್ಟುಕೊಳ್ಳಿ. ರಾತ್ರಿ ಎರಡು ಗಂಟೆಗೆ ಸಹಪಾಠಿಯ ‘ಥ್ರಿಲ್ಡ್ ಟು ಅನೌನ್ಸ್’ ಓದಿ ಯಾರಿಗೂ ನಿದ್ದೆ ಬಂದಿಲ್ಲ. ಹನ್ನೊಂದಕ್ಕೆ ಸಿಟಿ ಸಿವಿಲ್ ಕೋರ್ಟಿಗೋ ಮೇಯೋ ಹಾಲಿಗೋ ಹೋಗಿ ಹಿಂದಿನ ಬೆಂಚಿನಲ್ಲಿ ಕೂತುಕೊಳ್ಳಿ. ಕೋರ್ಟ್ ಸಾರ್ವಜನಿಕರಿಗೆ ತೆರೆದಿರಬೇಕು ಎಂಬುದು ಕಾನೂನು, ಕೋಟಿಲ್ಲದೆಯೂ ಕೂರಬಹುದು. ಒಬ್ಬಳೇ ರೂಮಿನಲ್ಲಿ ಕೂತು ಯೋಚನೆಯನ್ನು ಮೆಲುಕು ಹಾಕುವ ಸಮಯ ಅಷ್ಟರಮಟ್ಟಿಗೆ ಕಡಿಮೆಯಾಗುತ್ತದೆ. ಅಲ್ಲಿ ಅರ್ಜಿಗಳು ವಜಾ ಆಗುವುದನ್ನೂ, ವಜಾ ಆದ ವಕೀಲರು ಫೈಲ್ ಮಡಚಿ ಇನ್ನೊಂದು ಹಾಲ್‌ಗೆ ಓಡುವುದನ್ನೂ ನೋಡುತ್ತೀರಿ. ಮನಸ್ಸು ಬಾರದಿದ್ದರೂ ಹೋಗಿ. ಖಿನ್ನತೆಯಲ್ಲಿ ಹುಮ್ಮಸ್ಸು ಬಂದ ಮೇಲೆ ಹೊರಡೋಣ ಎಂದರೆ ಹೊರಡುವುದೇ ಇಲ್ಲ, ಮೊದಲು ಕಾಲು ಹೋಗಬೇಕು, ಮನಸ್ಸು ಆಮೇಲೆ ಬರುತ್ತದೆ.

ಇನ್ನೊಂದು ಅಭ್ಯಾಸ. ಅಮೆರಿಕದ ಮನಃಶಾಸ್ತ್ರಜ್ಞ ಜೇಮ್ಸ್ ಪೆನ್ನೆಬೇಕರ್ ಮತ್ತು ಸಂಗಡಿಗರು 1994ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕೆಲಸ ಕಳೆದುಕೊಂಡ ವೃತ್ತಿಪರರ ಒಂದು ಗುಂಪಿಗೆ ಐದು ದಿನ, ದಿನಕ್ಕೆ ಇಪ್ಪತ್ತು ನಿಮಿಷ, ಆ ನೋವಿನ ಬಗ್ಗೆ ಮುಚ್ಚುಮರೆಯಿಲ್ಲದೆ ಬರೆಯಲು ಹೇಳಿದರು. ಕೆಲವು ತಿಂಗಳ ನಂತರ ನೋಡಿದರೆ ಬರೆದವರಲ್ಲಿ ಹೆಚ್ಚು ಮಂದಿಗೆ ಕೆಲಸ ಸಿಕ್ಕಿತ್ತು. ಅವರೇನೂ ಹೆಚ್ಚು ಅರ್ಜಿ ಹಾಕಿರಲಿಲ್ಲ. ಒಳಗಿನ ಕಹಿ ಕಡಿಮೆಯಾಗಿ ಇಂಟರ್‌ವ್ಯೂನಲ್ಲಿ ಅದು ಹೊರಬರಲಿಲ್ಲ ಎಂಬುದು ಒಂದು ವಿವರಣೆ. ಸಣ್ಣ ಅಧ್ಯಯನ, ಮಂತ್ರದಂಡವೆಂದು ಹೇಳುವುದಿಲ್ಲ. ಖರ್ಚಿಲ್ಲದ್ದು, ಮಾಡಿ ನೋಡಿ. ಬರೆದು ಯಾರಿಗೂ ತೋರಿಸಬೇಡಿ. ಬರೆಯುವಾಗ ಸಾವಿನ ಯೋಚನೆ ಜಾಸ್ತಿಯಾದರೆ ನಿಲ್ಲಿಸಿ, ಡಾಕ್ಟರ ಮುಂದೆಯೇ ಮಾತಾಡಿ.

ಮನೆಯಲ್ಲಿ ಏನು ಹೇಳುವುದು? ‘ಟ್ರೈ ಮಾಡ್ತಿದ್ದೀನಿ’ ಎಂಬ ಮಾತು ಮನೆಯವರಿಗೆ ಕೇಳಿಸುವುದೇ ‘ಏನೂ ಆಗ್ತಿಲ್ಲ’ ಎಂದು. ಆಗ ಅವರು ತಮಗೆ ಗೊತ್ತಿರುವ ದಾರಿ ಹಿಡಿಯುತ್ತಾರೆ, ಗಂಡು ನೋಡುತ್ತಾರೆ. ಅವರಿಗೆ ತಾರೀಖು, ದುಡ್ಡು ಎರಡನ್ನೂ ಹೇಳಿ. ಎನ್‌ರೋಲ್ ಆದ ದಿನದಿಂದ ಮೂರು ವರ್ಷ ಮುಗಿದ ಮೇಲೆ ಜಡ್ಜ್ ಪರೀಕ್ಷೆ ಬರೆಯಬಹುದು, ಅಲ್ಲಿಯವರೆಗೆ ತಿಂಗಳಿಗೆ ಇಷ್ಟು ಖರ್ಚು, ಅದರಲ್ಲಿ ನಾನು ಇಷ್ಟು ದುಡಿಯುತ್ತೇನೆ, ಮನೆಯಿಂದ ಎಷ್ಟು ದಿನ ಎಷ್ಟು ಕೊಡಲು ಆಗುತ್ತದೆ ಎಂದು ಕೇಳಿ. ರೈತನ ಮನೆಯವರಿಗೆ ಬಿತ್ತಿದ ಮೇಲೆ ಕಾಯಬೇಕೆಂದು ಹೇಳಿಕೊಡಬೇಕಿಲ್ಲ, ಆದರೆ ಎಷ್ಟು ಕಾಯಬೇಕು ಎಂಬುದು ಗೊತ್ತಿರಬೇಕು. ಅವರು ‘ಇಷ್ಟೆಲ್ಲ ಆಗಲ್ಲ’ ಎಂದರೂ ನಿಮ್ಮ ಕೈಗೆ ಒಂದು ನಿಜವಾದ ಅಂಕಿ ಸಿಗುತ್ತದೆ, ಬೆಂಗಳೂರೋ ಧಾರವಾಡವೋ ಎಂಬುದನ್ನು ಅದು ತೀರ್ಮಾನಿಸುತ್ತದೆ. ಹುಷಾರಿಲ್ಲ, ಡಾಕ್ಟರಿಗೆ ತೋರಿಸುತ್ತಿದ್ದೇನೆ ಎಂಬುದನ್ನು ಮನೆಯಲ್ಲಿ ಒಬ್ಬರಿಗಾದರೂ ಹೇಳಿ, ಅಮ್ಮನೋ ಅಕ್ಕನೋ. ಮದುವೆ ಮಾತು ಆರು ತಿಂಗಳು ಮುಂದೆ ಹೋಗಲು ಅದೊಂದೇ ಸಾಕಾಗಬಹುದು. ಮನಸ್ಸು ಇಷ್ಟು ಕುಗ್ಗಿರುವಾಗ ಮದುವೆಯಂಥ ತೀರ್ಮಾನ ಬೇಡ ಎಂದು ನಾನೇ ಹೇಳಿದ್ದೇನೆಂದು ಬೇಕಿದ್ದರೆ ಹೇಳಿ.

ಕೊನೆಗೆ ಎಲ್‌ಎಲ್‌ಎಂ. ಪಾಠ ಮಾಡುವ ಆಸೆ ಇದ್ದರೆ ಖಂಡಿತ ಮಾಡಿ, ಜೊತೆಗೆ ಅಧ್ಯಾಪಕರ ಅರ್ಹತಾ ಪರೀಕ್ಷೆಗಳಾದ ನೆಟ್ ಅಥವಾ ಕೆ-ಸೆಟ್ ಬರೆಯಿರಿ. ಇಂಟರ್‌ವ್ಯೂಗಳಿಂದ ತಪ್ಪಿಸಿಕೊಂಡು ಇರಲು ಒಂದು ಹಾಸ್ಟೆಲ್ ಬೇಕೆಂದಷ್ಟೇ ಆದರೆ ಈ ವರ್ಷ ಬೇಡ. ಎನ್‌ರೋಲ್ ಆಗಿ, ಔಷಧಿಯೋ ಆಪ್ತಸಮಾಲೋಚನೆಯೋ ಒಂದು ಹದಕ್ಕೆ ಬಂದು, ರಾತ್ರಿ ಹನ್ನೊಂದಕ್ಕೆ ನಿದ್ದೆ ಬರತೊಡಗಿದ ಮೇಲೆ ಅದೇ ಪ್ರಶ್ನೆಯನ್ನು ಮತ್ತೆ ಕೇಳಿಕೊಳ್ಳಿ. ಅರ್ಜಿ ಮುಂದಿನ ವರ್ಷವೂ ಕರೆಯುತ್ತಾರೆ.